ಕಮಾಂಡ್ ಕ್ಯೂಯಿಂಗ್ ಮತ್ತು ಡಿಸ್ಕ್ ಡ್ರೈವರ್: ಹೊಂದಾಣಿಕೆಯ ದೋಷವನ್ನು ಹಂತ ಹಂತವಾಗಿ ಪತ್ತೆ ಹಚ್ಚುವುದು

ಚೆನ್ನಾಗಿ ಓಡುತ್ತಿದ್ದ ಗಣಕವು ಇದ್ದಕ್ಕಿದ್ದಂತೆ ಅರ್ಧ ನಿಮಿಷ ಸ್ತಬ್ಧವಾಗಿ, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಕೆಲಸ ಮುಂದುವರಿಸುತ್ತದೆ. ಸಿಸ್ಟಂ ಲಾಗ್ ತೆರೆದರೆ ಡಿಸ್ಕಿನ ಲಿಂಕನ್ನು ರೀಸೆಟ್ ಮಾಡಿದ ಸಾಲುಗಳು ಕಾಣುತ್ತವೆ. ಕ್ಯೂಯಿಂಗನ್ನು, ಅಂದರೆ ಡಿಸ್ಕಿಗೆ ಹಲವು ಕಮಾಂಡ್‌ಗಳನ್ನು ಒಟ್ಟಿಗೆ ಕೊಟ್ಟಿಡುವ ಕ್ರಮವನ್ನು, ಆಫ್ ಮಾಡಿದರೆ ತೊಂದರೆ ಮಾಯವಾಗುತ್ತದೆ. ಇಷ್ಟು ಕಂಡ ಕೂಡಲೇ ಡ್ರೈವರಿಗೂ (ಡಿಸ್ಕನ್ನು ನಡೆಸುವ ತಂತ್ರಾಂಶಕ್ಕೂ) ಡಿಸ್ಕಿಗೂ ಹೊಂದಿಕೆಯಾಗುತ್ತಿಲ್ಲ ಎಂದು ತೀರ್ಮಾನಿಸಿ ಅಲ್ಲಿಗೇ ಕೈಬಿಡುವವರು ಬಹಳ ಮಂದಿ. ಆ ತೀರ್ಮಾನ ಕೆಲವೊಮ್ಮೆ ಸರಿಯೇ ಇರುತ್ತದೆ. ಆದರೆ ಸಡಿಲವಾದ ಕೇಬಲ್, ಸಾಲದ ವಿದ್ಯುತ್, ಹಾಳಾಗುತ್ತಿರುವ ಸೆಕ್ಟರ್, ಲಿಂಕಿನ ವಿದ್ಯುತ್ ಉಳಿತಾಯದ ಸೆಟ್ಟಿಂಗ್ ಇವೆಲ್ಲವೂ ಇದೇ ಲಕ್ಷಣಗಳನ್ನು ತೋರಿಸುತ್ತವೆ. ಒಂದೊಂದನ್ನೇ ಬೇರ್ಪಡಿಸಿ ನಿಜವಾದ ಕಾರಣವನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಲಿನಕ್ಸ್ ಮತ್ತು ಸಾಟಾ (ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಮಾನ್ಯ ಸಂಪರ್ಕ) ಡಿಸ್ಕುಗಳನ್ನು ಮುಖ್ಯವಾಗಿ ಇಟ್ಟುಕೊಂಡು ಬರೆದಿದ್ದೇನೆ. ಯುಎಸ್‌ಬಿ, ಸ್ಕಸಿ ಮತ್ತು ವಿಂಡೋಸ್ ಬಳಸುವವರಿಗೆ ಬೇಕಾದುದು ಕೊನೆಯ ಭಾಗದಲ್ಲಿದೆ.

ಕ್ಯೂ ಎಂದರೆ ಇಲ್ಲಿ ಏನು?

ಮೊದಲಿನ ಎಟಿಎ ಡಿಸ್ಕುಗಳು ಒಂದು ಕಮಾಂಡ್ ಮುಗಿಯುವ ತನಕ ಇನ್ನೊಂದನ್ನು ಸ್ವೀಕರಿಸುತ್ತಿರಲಿಲ್ಲ. ಸಾಟಾದ ನೇಟಿವ್ ಕಮಾಂಡ್ ಕ್ಯೂಯಿಂಗ್, ಅಂದರೆ ಎನ್‌ಸಿಕ್ಯೂ ಬಂದ ಮೇಲೆ ಡಿಸ್ಕು ಏಕಕಾಲಕ್ಕೆ 32 ಕಮಾಂಡ್‌ಗಳನ್ನು ಕೈಯಲ್ಲಿಟ್ಟುಕೊಂಡು, ತನಗೆ ಅನುಕೂಲವಾದ ಕ್ರಮದಲ್ಲಿ ಮುಗಿಸಬಹುದಾಯಿತು. ಪ್ರತಿ ಕಮಾಂಡಿಗೂ 0ರಿಂದ 31ರವರೆಗಿನ ಒಂದು ಟ್ಯಾಗ್ ಸಂಖ್ಯೆ ಇರುತ್ತದೆ. ಯಾವುದು ಮುಗಿಯಿತು ಎಂಬುದನ್ನು ಡಿಸ್ಕು ಆ ಟ್ಯಾಗಿನ ಮೂಲಕವೇ ತಿಳಿಸುತ್ತದೆ. ಓದುವ ಕಮಾಂಡಿಗೆ ರೀಡ್ ಎಫ್‌ಪಿಡಿಎಂಎ ಕ್ಯೂಡ್ ಎಂದೂ, ಬರೆಯುವ ಕಮಾಂಡಿಗೆ ರೈಟ್ ಎಫ್‌ಪಿಡಿಎಂಎ ಕ್ಯೂಡ್ ಎಂದೂ ಹೆಸರು. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ, ಲಾಗಿನಲ್ಲಿ ಇವೇ ಎದುರಾಗುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಇದಕ್ಕೆ ಬೆಂಬಲ ಸೇರಿದ್ದು 2006ರಲ್ಲಿ, 2.6.18ನೇ ಆವೃತ್ತಿಯೊಂದಿಗೆ.

ಈ ವ್ಯವಸ್ಥೆಯ ಒಂದು ನಿಯಮವನ್ನು ತಿಳಿಯದೆ ಲಾಗನ್ನು ಸರಿಯಾಗಿ ಓದಲಾಗದು. ಕ್ಯೂನಲ್ಲಿರುವ ಯಾವುದೇ ಒಂದು ಕಮಾಂಡ್ ವಿಫಲವಾದರೆ, ಡಿಸ್ಕು ಆ ಹೊತ್ತಿನಲ್ಲಿ ತನ್ನ ಕೈಯಲ್ಲಿರುವ ಎಲ್ಲ ಕಮಾಂಡ್‌ಗಳನ್ನೂ ಕೈಬಿಡುತ್ತದೆ. ತಪ್ಪಿದ್ದು ಯಾವ ಟ್ಯಾಗ್ ಎಂದು ತಿಳಿಯಲು ಡ್ರೈವರ್ ಡಿಸ್ಕಿನ ಒಂದು ವಿಶೇಷ ಲಾಗ್ ಪುಟವನ್ನು, ಹೆಕ್ಸ್ ಸಂಖ್ಯೆಯಲ್ಲಿ 10 ಎಂಬ ಪುಟವನ್ನು, ಓದಬೇಕು. ಓದಿದ ನಂತರ ಉಳಿದವನ್ನು ಹೊಸದಾಗಿ ಕಳುಹಿಸಬೇಕು. ಹೀಗಾಗಿ ಒಂದೇ ಒಂದು ಸೆಕ್ಟರಿನ ದೋಷವೂ ಲಾಗಿನಲ್ಲಿ ಮೂವತ್ತು ಸಾಲುಗಳ ದೊಡ್ಡ ಅವಘಡದಂತೆ ಕಾಣಬಹುದು. ಸಾಲುಗಳ ಸಂಖ್ಯೆ ನೋಡಿ ಗಾಬರಿಯಾಗಬೇಕಾಗಿಲ್ಲ.

ಮೊದಲ ಹಂತ: ದತ್ತಾಂಶದ ನಕಲು

ಯಾವ ಪರೀಕ್ಷೆಗೂ ಮುಂಚೆ ಡಿಸ್ಕಿನಲ್ಲಿರುವ ಮುಖ್ಯ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಕ್ಯೂಯಿಂಗ್ ದೋಷವನ್ನು ಹೊರಗೆಡಹಲು ಡಿಸ್ಕಿನ ಮೇಲೆ ಭಾರ ಹಾಕಲೇಬೇಕಾಗುತ್ತದೆ, ಮತ್ತು ಆ ಡಿಸ್ಕು ನಿಜಕ್ಕೂ ಸಾಯುತ್ತಿದ್ದರೆ ಆ ಭಾರವೇ ಅದರ ಕೊನೆಯ ಕೆಲಸವಾಗಬಹುದು. ನಕಲು ಮಾಡುವಾಗಲೇ ಗಣಕ ಪದೇಪದೇ ಸ್ತಬ್ಧವಾಗುತ್ತಿದ್ದರೆ, ಕ್ಯೂ ಡೆಪ್ತನ್ನು, ಅಂದರೆ ಡಿಸ್ಕಿಗೆ ಏಕಕಾಲಕ್ಕೆ ಕೊಡುವ ಕಮಾಂಡ್‌ಗಳ ಮಿತಿಯನ್ನು, 1ಕ್ಕೆ ಇಳಿಸಿಕೊಂಡು ನಕಲನ್ನು ಮುಗಿಸಿ. ಇಳಿಸುವ ವಿಧಾನ ಮುಂದೆ ಬರುತ್ತದೆ.

ಎರಡನೆಯ ಹಂತ: ಕ್ಯೂಯಿಂಗ್ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳುವುದು

ಇದು ಬೇಗ ಮುಗಿಯುವ ಕೆಲಸ. ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ಕಡತಗಳ ರೂಪದಲ್ಲಿ ತೋರಿಸುವ ಸಿಸ್ ಕಡತವ್ಯವಸ್ಥೆಯಲ್ಲಿ ಬ್ಲಾಕ್ ಎಂಬ ಭಾಗಕ್ಕೆ ಹೋಗಿ, ನಿಮ್ಮ ಡಿಸ್ಕಿನ ಹೆಸರಿನ ಫೋಲ್ಡರಿನೊಳಗೆ, ಡಿವೈಸ್ ಎಂಬ ಫೋಲ್ಡರಿನಲ್ಲಿರುವ ಕ್ಯೂ ಡೆಪ್ತ್ ಕಡತವನ್ನು ಓದಿ. ಹೊಸ ಕರ್ನಲ್‌ಗಳಲ್ಲಿ 32 ಎಂದು, ಹಳೆಯವುಗಳಲ್ಲಿ 31 ಎಂದು ಬಂದರೆ ಕ್ಯೂಯಿಂಗ್ ಚಾಲ್ತಿಯಲ್ಲಿದೆ. 1 ಎಂದು ಬಂದರೆ ಅದು ನಡೆಯುತ್ತಿಲ್ಲ, ನಿಮ್ಮ ತೊಂದರೆಯ ಮೂಲವೂ ಬೇರೆ. ಗಣಕ ಆರಂಭವಾಗುವಾಗಿನ ಕರ್ನಲ್ ಸಂದೇಶಗಳಲ್ಲಿಯೂ ಇದು ದಾಖಲಾಗಿರುತ್ತದೆ. ಡಿಸ್ಕಿನ ಸೆಕ್ಟರ್ ಸಂಖ್ಯೆಯನ್ನು ಹೇಳುವ ಸಾಲಿನಲ್ಲಿ ಎನ್‌ಸಿಕ್ಯೂ ಎಂಬ ಪದದ ಪಕ್ಕ ಡೆಪ್ತ್ 32 ಎಂದಿದ್ದರೆ ಸರಿ. 0/32 ಎಂದಿದ್ದರೆ ಡಿಸ್ಕಿಗೆ ಸಾಮರ್ಥ್ಯವಿದೆ, ಕಂಟ್ರೋಲರ್ (ಬೋರ್ಡಿನಲ್ಲಿ ಡಿಸ್ಕುಗಳೊಡನೆ ವ್ಯವಹರಿಸುವ ಚಿಪ್) ಅಥವಾ ಅದರ ಡ್ರೈವರ್ ಅದನ್ನು ಬಳಸುತ್ತಿಲ್ಲ ಎಂದರ್ಥ. ನಾಟ್ ಯೂಸ್ಡ್ ಎಂದಿದ್ದರೆ, ಆ ಮಾದರಿಯ ಡಿಸ್ಕಿಗೆ ಕ್ಯೂಯಿಂಗ್ ಬೇಡವೆಂದು ಕರ್ನಲ್ ಮೊದಲೇ ನಿರ್ಧರಿಸಿದೆ.

ಈ 0/32ಕ್ಕೆ ಬಹಳ ಸಾಮಾನ್ಯವಾದ ಕಾರಣವೆಂದರೆ ಬಯಾಸ್‌ನಲ್ಲಿ, ಅಂದರೆ ಗಣಕ ಶುರುವಾಗುವಾಗ ಸಿಗುವ ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ, ಸಾಟಾ ಕಂಟ್ರೋಲರನ್ನು ಹಳೆಯ ಐಡಿಇ ಮೋಡ್‌ನಲ್ಲಿ ಇಟ್ಟಿರುವುದು. ಆ ಮೋಡ್‌ನಲ್ಲಿ ಡ್ರೈವರ್ ಎಷ್ಟೇ ಹೊಸದಾಗಿದ್ದರೂ ಎನ್‌ಸಿಕ್ಯೂ ಸಿಗುವುದಿಲ್ಲ, ಎಎಚ್‌ಸಿಐ ಮೋಡ್ ಬೇಕೇ ಬೇಕು. ಇದನ್ನು ಬದಲಾಯಿಸಿದರೆ ಲಿನಕ್ಸ್ ಸಾಮಾನ್ಯವಾಗಿ ತಕರಾರಿಲ್ಲದೆ ಬೂಟ್ ಆಗುತ್ತದೆ. ವಿಂಡೋಸ್ ಆಗದೆ ಹೋಗಬಹುದು, ಅದರ ವಿಷಯ ಕೊನೆಗೆ ಹೇಳುತ್ತೇನೆ.

ಮೂರನೆಯ ಹಂತ: ಲಾಗನ್ನು ನಿಧಾನವಾಗಿ ಓದುವುದು

ಇಡೀ ಕೆಲಸದಲ್ಲಿ ಹೆಚ್ಚಿನ ಸಮಯ ಕೊಡಬೇಕಾದ ಹಂತ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಟರ್ಮಿನಲ್‌ನಲ್ಲಿ ಕರ್ನಲ್ ಸಂದೇಶಗಳನ್ನು ತೋರಿಸುವ ಡಿ-ಮೆಸೇಜ್ ಆಜ್ಞೆಯನ್ನು ಚಲಾಯಿಸಿ ಅಥವಾ ಜರ್ನಲ್‌ನ ಕರ್ನಲ್ ಭಾಗವನ್ನು ತೆರೆದು, ತೊಂದರೆ ಶುರುವಾದ ಕ್ಷಣದ ಮೊತ್ತಮೊದಲ ದೋಷದ ಸಾಲನ್ನು ಹುಡುಕಿ. ಕಡೆಯ ಸಾಲುಗಳು ಹೆಚ್ಚಾಗಿ ಮೊದಲನೆಯದರ ಪರಿಣಾಮ ಮಾತ್ರ.

ಒಂದು ದೋಷದ ಗುಂಪನ್ನು ಹತ್ತಿರದಿಂದ ನೋಡೋಣ. ಮೊದಲ ಸಾಲಿನಲ್ಲಿ ಪೋರ್ಟಿನ ಹೆಸರು, ಉದಾಹರಣೆಗೆ ಎಟಿಎ3.00, ಬಳಿಕ ಎಕ್ಸೆಪ್ಶನ್ ಎಂಬ ಪದ, ಅದರ ಮುಂದೆ ಇಮಾಸ್ಕ್, ಎಸ್‌ಆಕ್ಟ್, ಎಸ್‌ಎರರ್ ಎಂಬ ಮೂರು ಹೆಕ್ಸ್ ಸಂಖ್ಯೆಗಳು ಮತ್ತು ಹೆಚ್ಚಿನ ವೇಳೆ ಕೊನೆಯಲ್ಲಿ ಫ್ರೋಜನ್ ಎಂಬ ಪದ ಇರುತ್ತವೆ. ಎಸ್‌ಆಕ್ಟ್ ಎಂಬುದು ದೋಷದ ಕ್ಷಣದಲ್ಲಿ ಡಿಸ್ಕಿನ ಕೈಯಲ್ಲಿದ್ದ ಟ್ಯಾಗ್‌ಗಳ ನಕ್ಷೆ. ಅದರ ಪ್ರತಿ ಬಿಟ್ ಒಂದು ಟ್ಯಾಗನ್ನು ಸೂಚಿಸುತ್ತದೆ. ಅಲ್ಲಿ ಏಳರ ಮುಂದೆ ಏಳು ಎಫ್‌ಗಳಿದ್ದರೆ 31 ಕಮಾಂಡ್‌ಗಳು ಬಾಕಿಯಿದ್ದವು. ಸೊನ್ನೆ ಇದ್ದರೆ ಕ್ಯೂನ ಯಾವ ಕಮಾಂಡೂ ಆಗ ನಡೆಯುತ್ತಿರಲಿಲ್ಲ, ಆದ್ದರಿಂದ ಆ ದೋಷವನ್ನು ಕ್ಯೂಯಿಂಗ್ ಮೇಲೆ ಹೊರಿಸುವಂತಿಲ್ಲ. ಅದರ ಕೆಳಗೆ ಫೇಲ್ಡ್ ಕಮಾಂಡ್ ಎಂಬ ಸಾಲಿರುತ್ತದೆ. ಅಲ್ಲಿ ಎಫ್‌ಪಿಡಿಎಂಎ ಎಂದಿದ್ದರೆ ಕ್ಯೂನ ಕಮಾಂಡ್. ಫ್ಲಷ್ ಕ್ಯಾಶ್ ಎಂದಿದ್ದರೆ ಅದು ಕ್ಯೂಗೆ ಸೇರದ ಕಮಾಂಡ್, ಹುಡುಕಾಟದ ದಿಕ್ಕೇ ಬೇರೆಯಾಗಬೇಕು.

ನಂತರದ ರೆಸ್ ಎಂದು ಆರಂಭವಾಗುವ ಸಾಲಿನ ತುದಿಯಲ್ಲಿ ಕರ್ನಲ್ ತನ್ನ ನಿರ್ಣಯವನ್ನು ಪದಗಳಲ್ಲಿಯೇ ಬರೆದಿರುತ್ತದೆ. ಟೈಮ್‌ಔಟ್ ಎಂದಿದ್ದರೆ, ಕೊಟ್ಟ ಅವಧಿಯೊಳಗೆ ಡಿಸ್ಕಿನಿಂದ ಉತ್ತರ ಬರಲಿಲ್ಲ ಎಂದು ತಿಳಿಯಬೇಕು. ಈ ಅವಧಿ ಸಾಮಾನ್ಯವಾಗಿ 30 ಸೆಕೆಂಡ್, ಗಣಕ ಅರ್ಧ ನಿಮಿಷ ಸ್ತಬ್ಧವಾಗುವುದರ ಗುಟ್ಟೂ ಅದೇ. ಎಟಿಎ ಬಸ್ ಎರರ್ ಎಂದಿದ್ದರೆ ಕೇಬಲ್ ಮತ್ತು ಕನೆಕ್ಟರುಗಳನ್ನು ಮೊದಲು ಶಂಕಿಸಿ. ಮೀಡಿಯಾ ಎರರ್ ಎಂದು, ಜೊತೆಗೆ ಯುಎನ್‌ಸಿ ಎಂಬ ಗುರುತು ಇದ್ದರೆ ಡಿಸ್ಕಿನ ಮೇಲ್ಮೈಯಲ್ಲಿ ಓದಲಾಗದ ಜಾಗವಿದೆ. ಎಚ್‌ಎಸ್‌ಎಂ ವಯೊಲೇಶನ್ ಎಂದಿದ್ದರೆ ಡಿಸ್ಕು ನಿಯಮಾವಳಿಗೆ ಹೊರತಾದ ಸ್ಥಿತಿಯನ್ನು ತಿಳಿಸಿದೆ. ಫರ್ಮ್‌ವೇರ್ (ಡಿಸ್ಕಿನೊಳಗೇ ಇರುವ ತಂತ್ರಾಂಶ) ಮತ್ತು ಡ್ರೈವರಿನ ನಡುವಿನ ನಿಜವಾದ ಹೊಂದಾಣಿಕೆಯ ದೋಷಕ್ಕೆ ಇದು ಬಲವಾದ ಸುಳಿವು. ಎಸ್‌ಎರರ್ ಸೊನ್ನೆಯಲ್ಲದಿದ್ದರೆ ಅದರ ಬಿಡಿ ಅರ್ಥವೂ ಪಕ್ಕದ ಸಾಲಿನಲ್ಲಿರುತ್ತದೆ: ಬ್ಯಾಡ್ ಸಿಆರ್‌ಸಿ, ಡಿಸ್ಪಾರ್, 10ಬಿ8ಬಿ ಎಂಬವೆಲ್ಲ ತಂತಿಯ ಮೇಲೆ ಸಂಕೇತ ಕೆಟ್ಟಿದೆ ಎಂದು ಹೇಳುತ್ತವೆ, ಫೈ ರೆಡಿ ಚೇಂಜ್ ಎಂಬುದು ಲಿಂಕ್ ಕ್ಷಣಕಾಲ ಕಡಿದುಹೋಗಿತ್ತು ಎಂದು ಹೇಳುತ್ತದೆ.

ಇದೇ ತೊಂದರೆ ಪದೇಪದೇ ಆದರೆ, ಅತಿಯಾದ ದೋಷಗಳ ಕಾರಣ ಎನ್‌ಸಿಕ್ಯೂ ನಿಲ್ಲಿಸಲಾಗಿದೆ ಎಂಬ ಅರ್ಥದ ಸಂದೇಶವನ್ನು ಹಾಕಿ ಕರ್ನಲ್ ತಾನೇ ಕ್ಯೂಯಿಂಗ್ ಆಫ್ ಮಾಡುತ್ತದೆ. ಆ ಸಂದೇಶವನ್ನು ಕಾರಣವೆಂದು ಓದಬಾರದು. ಕರ್ನಲ್ ಅಲ್ಲಿ ಒಂದು ಉಪಾಯವನ್ನು ಪ್ರಯತ್ನಿಸಿ ನೋಡಿದೆ, ಅಷ್ಟೆ.

ಎಟಿಎ3 ಎಂಬ ಪೋರ್ಟ್ ಯಾವ ಡಿಸ್ಕು ಎಂದು ಊಹಿಸಲು ಹೋಗಬೇಡಿ. ಸಿಸ್ ಕಡತವ್ಯವಸ್ಥೆಯ ಬ್ಲಾಕ್ ಭಾಗದಲ್ಲಿ ಪ್ರತಿ ಡಿಸ್ಕಿನ ಹೆಸರೂ ಒಂದು ಲಿಂಕ್ ಆಗಿರುತ್ತದೆ. ಅದು ಎಲ್ಲಿಗೆ ತೋರಿಸುತ್ತದೆ ಎಂದು ಪಟ್ಟಿ ಮಾಡಿ ನೋಡಿದರೆ ಆ ಹಾದಿಯೊಳಗೆ ಎಟಿಎ ಸಂಖ್ಯೆ ಸಿಗುತ್ತದೆ. ನಾಲ್ಕು ಡಿಸ್ಕುಗಳಿರುವ ಗಣಕದಲ್ಲಿ ತಪ್ಪು ಡಿಸ್ಕನ್ನು ಬಿಚ್ಚುವುದು ಸುಲಭ, ಅದರಿಂದಾಗುವ ನಷ್ಟ ದೊಡ್ಡದು.

ನಾಲ್ಕನೆಯ ಹಂತ: ಕೇಬಲ್, ವಿದ್ಯುತ್ ಮತ್ತು ಡಿಸ್ಕಿನ ಆರೋಗ್ಯ

ಡ್ರೈವರಿನ ಕಡೆ ಹೋಗುವ ಮುಂಚೆ ಇವನ್ನು ಪಟ್ಟಿಯಿಂದ ಹೊರಗಿಡಲೇಬೇಕು. ಸ್ಮಾರ್ಟ್‌ಸಿಟಿಎಲ್ ಉಪಕರಣದಿಂದ ಡಿಸ್ಕು ತನ್ನ ಆರೋಗ್ಯದ ಬಗ್ಗೆ ದಾಖಲಿಸಿಕೊಳ್ಳುವ ಸ್ಮಾರ್ಟ್ ಅಂಶಗಳನ್ನು ತೆಗೆದು, ನಾಲ್ಕು ಸಂಖ್ಯೆಗಳ ಮುಂದಿರುವ ಮೂಲ ಮೌಲ್ಯವನ್ನು ಕಾಗದದ ಮೇಲೆ ಬರೆದುಕೊಳ್ಳಿ: 5, ಅಂದರೆ ಸ್ಥಳಾಂತರಗೊಂಡ ಸೆಕ್ಟರುಗಳು, 197, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, 198, ಅಂದರೆ ಡಿಸ್ಕಿನ ಸ್ವಂತ ತಪಾಸಣೆಯಲ್ಲಿ ಸರಿಪಡಿಸಲಾಗದ ಸೆಕ್ಟರುಗಳು, ಮತ್ತು 199, ಅಂದರೆ ಸಿಆರ್‌ಸಿ ದೋಷಗಳ (ತಂತಿಯ ಮೇಲೆ ದತ್ತಾಂಶ ಕೆಟ್ಟದ್ದರ) ಎಣಿಕೆ. 199 ಹಿಂದಕ್ಕೆ ಇಳಿಯುವ ಸಂಖ್ಯೆಯಲ್ಲ. ಆದ್ದರಿಂದ ಅದು ಎಷ್ಟಿದೆ ಎಂಬುದಕ್ಕಿಂತ ಇಂದಿನಿಂದ ನಾಳೆಗೆ ಏರುತ್ತಿದೆಯೇ ಎಂಬುದು ಮುಖ್ಯ. ಏರುತ್ತಿದ್ದರೆ ದೋಷ ಡಿಸ್ಕಿಗೂ ಬೋರ್ಡಿಗೂ ನಡುವಿನ ಹಾದಿಯಲ್ಲಿದೆ. ಕೇಬಲ್ ಬದಲಾಯಿಸಿ, ಪೋರ್ಟ್ ಬದಲಾಯಿಸಿ, ಒಂದು ಸಲಕ್ಕೆ ಒಂದನ್ನು ಮಾತ್ರ.

ಈ ಹಂತವನ್ನು ಹಾರಿಸಿದ್ದರಿಂದ ನಾನು ಒಮ್ಮೆ ಮೂರು ವಾರ ಕಳೆದುಕೊಂಡೆ. ನಾಲ್ಕು ಡಿಸ್ಕುಗಳ ಒಂದು ಕಡತ ಸರ್ವರ್ ರಾತ್ರಿಯ ಬ್ಯಾಕಪ್ ಹೊತ್ತಿಗೆ ಮಾತ್ರ ಸ್ತಬ್ಧವಾಗುತ್ತಿತ್ತು. ಎರಡನೆಯ ಡಿಸ್ಕಿನ ಕ್ಯೂ ಡೆಪ್ತನ್ನು 1ಕ್ಕೆ ಇಳಿಸಿದೆ, ತೊಂದರೆ ನಿಂತಿತು, ಡಿಸ್ಕಿನ ಫರ್ಮ್‌ವೇರ್ ಸರಿಯಿಲ್ಲವೆಂದು ಬರೆದಿಟ್ಟೆ. ಮೂರು ವಾರದ ನಂತರ ಡೆಪ್ತ್ 1ರಲ್ಲಿಯೇ ಆ ಡಿಸ್ಕು ರೇಡ್ ಗುಂಪಿನಿಂದ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ಜೋಡಣೆಯಿಂದ) ಹೊರಬಿದ್ದಿತು. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿದಾಗ, ಡಿಸ್ಕಿನ ಬೆನ್ನಿಗೆ ಸಿಕ್ಕಿಸಿದ ಕೆಂಪು ಕೇಬಲಿನ ಪ್ಲಗ್ ಕೂದಲೆಳೆಯಷ್ಟು ಓರೆಯಾಗಿತ್ತು. ಅದರ ಲೋಹದ ಚಿಲಕ ಮುರಿದಿತ್ತು, ಮುಚ್ಚಳ ಹಾಕಿದಾಗ ಅದರ ಒಳಮೈ ಕೇಬಲನ್ನು ಒತ್ತುತ್ತಿತ್ತು. 199ರ ಎಣಿಕೆ ಆ ಮೂರು ವಾರಗಳುದ್ದಕ್ಕೂ ಏರುತ್ತಲೇ ಇತ್ತು, ನಾನು ನೋಡಿರಲಿಲ್ಲ. ಕ್ಯೂಯಿಂಗ್ ಆಫ್ ಮಾಡಿದಾಗ ಲಿಂಕಿನ ಮೇಲಿನ ಸಂಚಾರ ಕಡಿಮೆಯಾಗಿತ್ತು, ಒಂದು ದೋಷ ಬಂದರೆ ಮೂವತ್ತು ಕಮಾಂಡ್‌ಗಳು ಬೀಳುವ ಬದಲು ಒಂದು ಮಾತ್ರ ಬೀಳುತ್ತಿತ್ತು. ರೋಗವಂತೂ ಇದ್ದಲ್ಲೇ ಇತ್ತು. ಹೊಸ ಕೇಬಲ್ ಹಾಕಿ ಡೆಪ್ತನ್ನು ಮೊದಲಿನಂತೆ ಮಾಡಿದ ಮೇಲೆ ಆ ಸರ್ವರ್ ಮತ್ತೆ ಸ್ತಬ್ಧವಾಗಲಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ತಂತಿಯಿಂದ ಹಲವು ಡಿಸ್ಕುಗಳಿಗೆ ಕವಲು ತೆಗೆದಿರುವ ಜೋಡಣೆಯನ್ನು ಮೊದಲು ಶಂಕಿಸಿ. ಎಲ್ಲ ಡಿಸ್ಕುಗಳೂ ಒಟ್ಟಿಗೆ ದುಡಿಯುವಾಗ ಮಾತ್ರ ದೋಷ ಬರುತ್ತಿದ್ದು, ಒಂದೊಂದನ್ನೇ ಪರೀಕ್ಷಿಸಿದಾಗ ಬರದಿದ್ದರೆ ಕವಲನ್ನು ತೆಗೆದು ನೇರ ಸಂಪರ್ಕ ಕೊಟ್ಟು ನೋಡಿ.

197ರಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ ಇನ್ನೊಂದು ಬಗೆಯ ಗೊಂದಲ ಸಾಧ್ಯ. ಸಾಮಾನ್ಯ ಬಳಕೆಯ ಹಾರ್ಡ್ ಡಿಸ್ಕುಗಳಲ್ಲಿ ಹಲವು ಓದಲು ಕಷ್ಟವಾದ ಸೆಕ್ಟರನ್ನು ಒಳಗೊಳಗೇ ಮತ್ತೆ ಮತ್ತೆ ಪ್ರಯತ್ನಿಸುತ್ತಾ 30 ಸೆಕೆಂಡಿಗಿಂತ ಹೆಚ್ಚು ಕಾಲ ಸುಮ್ಮನಿದ್ದುಬಿಡುತ್ತವೆ. ಅಷ್ಟರಲ್ಲಿ ಕರ್ನಲ್ ತಾಳ್ಮೆ ಮುಗಿದು ಲಿಂಕನ್ನು ರೀಸೆಟ್ ಮಾಡುತ್ತದೆ. ಲಾಗಿನಲ್ಲಿ ಮೀಡಿಯಾ ಎರರ್ ಬದಲು ಬರಿಯ ಟೈಮ್‌ಔಟ್ ಕಾಣುತ್ತದೆ, ನೋಡಿದವರು ಕ್ಯೂಯಿಂಗ್ ದೋಷವೆಂದುಕೊಳ್ಳುತ್ತಾರೆ. ಡಿಸ್ಕು ಎಸ್‌ಸಿಟಿ ಇಆರ್‌ಸಿ ಎಂಬ ಸೌಲಭ್ಯವನ್ನು ಬೆಂಬಲಿಸುತ್ತಿದ್ದರೆ ಸ್ಮಾರ್ಟ್‌ಸಿಟಿಎಲ್ ಮೂಲಕ ಓದುವುದಕ್ಕೂ ಬರೆಯುವುದಕ್ಕೂ 70 ಎಂದು ಕೊಡಿ. ಅದರ ಅಳತೆ ಸೆಕೆಂಡಿನ ಹತ್ತನೇ ಒಂದು ಭಾಗವಾದ್ದರಿಂದ 70 ಎಂದರೆ 7 ಸೆಕೆಂಡ್. ಅಷ್ಟರೊಳಗೆ ಡಿಸ್ಕು ಸೋಲನ್ನು ಒಪ್ಪಿ ನಿಜವಾದ ದೋಷವನ್ನು ಹೇಳುತ್ತದೆ. ಈ ಬಿಗಿಯಾದ ಮಿತಿ ರೇಡ್ ಗುಂಪಿನಲ್ಲಿರುವ ಡಿಸ್ಕಿಗೆ ಹೊಂದುತ್ತದೆ. ಒಂಟಿ ಡಿಸ್ಕಿನಲ್ಲಿ ಹೆಚ್ಚು ಪ್ರಯತ್ನಿಸಿ ಓದುವುದೇ ಮೇಲಾದ್ದರಿಂದ ಪರೀಕ್ಷೆಯ ಮಟ್ಟಿಗೆ ಮಾತ್ರ ಬಳಸಿ. ಸೌಲಭ್ಯ ಇಲ್ಲದಿದ್ದರೆ, ಕ್ಯೂ ಡೆಪ್ತ್ ಕಡತದ ಪಕ್ಕದಲ್ಲೇ ಇರುವ ಟೈಮ್‌ಔಟ್ ಕಡತದಲ್ಲಿ 180 ಎಂದು ಬರೆದು ಕಾಯ್ದು ನೋಡಬಹುದು.

ಐದನೆಯ ಹಂತ: ಡೆಪ್ತನ್ನು ಇಳಿಸಿ ಹೋಲಿಸುವುದು

ಇಲ್ಲಿಯವರೆಗೆ ಏನೂ ಸಿಗದಿದ್ದರೆ ಮಾತ್ರ ಕ್ಯೂಗೆ ಕೈ ಹಾಕಿ. ದೋಷವನ್ನು ಬೇಕೆಂದಾಗ ಬರಿಸುವ ಒಂದು ಭಾರ ಮೊದಲು ಬೇಕು. ಯಾವಾಗಲೋ ಬರುವ ದೋಷದ ಮೇಲೆ ಪ್ರಯೋಗ ಮಾಡಿದರೆ ಅದು ನಿಂತಿದ್ದು ನಿಮ್ಮ ಬದಲಾವಣೆಯಿಂದಲೋ ಕಾಕತಾಳೀಯವಾಗಿಯೋ ಎಂದು ಹೇಳಲಾಗದು. ಡಿಸ್ಕಿನ ಮೇಲೆ ಪರೀಕ್ಷೆಯ ಭಾರ ಹಾಕುವ ಎಫ್‌ಐಒ ಉಪಕರಣದಲ್ಲಿ ಯಾದೃಚ್ಛಿಕ ಓದು, 4 ಕಿಲೋಬೈಟ್ ಗಾತ್ರ, ಐಒ ಡೆಪ್ತ್ 32, ಡೈರೆಕ್ಟ್ ಐಒ, ಲಿಬ್‌ಎಐಒ ಎಂಜಿನ್ ಎಂದು ಕೊಟ್ಟು ಹತ್ತು ನಿಮಿಷ ಓಡಿಸಿ. ರೀಡ್ ಓನ್ಲಿ ಆಯ್ಕೆಯನ್ನು ಕಡ್ಡಾಯವಾಗಿ ಸೇರಿಸಿ. ಇಡೀ ಡಿಸ್ಕಿನ ಹೆಸರು ಕೊಟ್ಟು ತಪ್ಪಿ ಬರೆಯುವ ಪರೀಕ್ಷೆಯನ್ನು ಓಡಿಸಿದರೆ ಅದರಲ್ಲಿದ್ದುದೆಲ್ಲ ಅಳಿದುಹೋಗುತ್ತದೆ.

ದೋಷ ಬಂದರೆ, ರೂಟ್ ಅಧಿಕಾರದಿಂದ ಕ್ಯೂ ಡೆಪ್ತ್ ಕಡತದಲ್ಲಿ 1 ಎಂದು ಬರೆಯಿರಿ. ಗಣಕವನ್ನು ಮರುಆರಂಭಿಸಬೇಕಿಲ್ಲ, ಬರೆದ ಕ್ಷಣದಿಂದಲೇ ಆ ಡಿಸ್ಕಿಗೆ ಎನ್‌ಸಿಕ್ಯೂ ನಿಲ್ಲುತ್ತದೆ. ಅದೇ ಪರೀಕ್ಷೆಯನ್ನು ಅಷ್ಟೇ ಹೊತ್ತು ಓಡಿಸಿ. ಇಷ್ಟಕ್ಕೇ ನಿಲ್ಲಿಸದೆ 2 ಎಂದು ಬರೆದು ಮೂರನೆಯ ಸಲ ಓಡಿಸಬೇಕೆಂದು ಒತ್ತಿ ಹೇಳುತ್ತೇನೆ. ಡೆಪ್ತ್ 2ರಲ್ಲಿ ಭಾರ ಬಹಳ ಹಗುರ, ಆದರೂ ಕಮಾಂಡ್‌ಗಳು ಎಫ್‌ಪಿಡಿಎಂಎ ಬಗೆಯವೇ ಆಗಿರುತ್ತವೆ. 1ರಲ್ಲಿ ದೋಷವಿಲ್ಲದೆ 2ರಲ್ಲಿಯೇ ಬಂದರೆ ಕ್ಯೂಯಿಂಗ್ ನಿರ್ವಹಣೆಯ ಮೇಲಿನ ಸಂಶಯ ಗಟ್ಟಿಯಾಗುತ್ತದೆ. 2ರಲ್ಲಿ, 8ರಲ್ಲಿ ಬರದೆ 32ರಲ್ಲಿ ಮಾತ್ರ ಬಂದರೆ ಭಾರ, ವಿದ್ಯುತ್, ತಾಪಮಾನ ಅಥವಾ ಫರ್ಮ್‌ವೇರ್ ತುಂಬಿದ ಕ್ಯೂವನ್ನು ನಿಭಾಯಿಸುವ ರೀತಿ ಇವುಗಳ ಕಡೆ ನೋಡಬೇಕು. 1ರಲ್ಲಿಯೂ ದೋಷ ಬಂದರೆ ನಾಲ್ಕನೆಯ ಹಂತಕ್ಕೆ ಮರಳಿ.

ಬ್ಲಾಕ್ ಭಾಗದಲ್ಲಿಯೇ ಕ್ಯೂ ಎಂಬ ಫೋಲ್ಡರಿನೊಳಗೆ ಎನ್‌ಆರ್ ರಿಕ್ವೆಸ್ಟ್ಸ್ ಎಂಬ ಇನ್ನೊಂದು ಕಡತವಿದೆ. ಅದು ಕರ್ನಲ್ ತನ್ನ ಕಡೆ ಇಟ್ಟುಕೊಳ್ಳುವ ವಿನಂತಿಗಳ ಮಿತಿ, ಡಿಸ್ಕಿನ ಕ್ಯೂ ಅಲ್ಲ. ಈ ಎರಡನ್ನೂ ಒಂದೆಂದು ತಿಳಿದು ತಪ್ಪು ಕಡತವನ್ನು ಬದಲಾಯಿಸುವವರನ್ನು ಕಂಡಿದ್ದೇನೆ.

ಆರನೆಯ ಹಂತ: ಕ್ಯೂಯಿಂಗ್ ಜೊತೆಗೂಡಿ ಬರುವ ಎರಡು ದೋಷಗಳು

ಒಂದು, ಲಿಂಕಿನ ವಿದ್ಯುತ್ ಉಳಿತಾಯ. ಸುಮ್ಮನಿದ್ದ ಡಿಸ್ಕಿಗೆ ಹೊಸ ಕೆಲಸ ಬಂದ ಹೊತ್ತಿಗೆ ದೋಷ ಬರುತ್ತಿದ್ದರೆ ಇದನ್ನೇ ಶಂಕಿಸಿ. ಸಿಸ್ ಕಡತವ್ಯವಸ್ಥೆಯ ಸ್ಕಸಿ ಹೋಸ್ಟ್ ವರ್ಗದಲ್ಲಿ (ಲಿನಕ್ಸ್ ಸಾಟಾ ಪೋರ್ಟುಗಳನ್ನೂ ಇಲ್ಲಿಯೇ ತೋರಿಸುತ್ತದೆ) ಆಯಾ ಹೋಸ್ಟಿನ ಲಿಂಕ್ ಪವರ್ ಮ್ಯಾನೇಜ್‌ಮೆಂಟ್ ಪಾಲಿಸಿ ಕಡತದಲ್ಲಿ ಮ್ಯಾಕ್ಸ್ ಪರ್ಫಾರ್ಮೆನ್ಸ್ ಎಂದು ಬರೆದು, ಕ್ಯೂ ಡೆಪ್ತನ್ನು 32ರಲ್ಲೇ ಬಿಟ್ಟು ನೋಡಿ. ತೊಂದರೆ ನಿಂತರೆ ಕ್ಯೂಯಿಂಗ್ ನಿರಪರಾಧಿ.

ಎರಡನೆಯದು ಎಸ್‌ಎಸ್‌ಡಿಗಳ ಟ್ರಿಮ್, ಅಂದರೆ ಅಳಿಸಿದ ಕಡತಗಳ ಜಾಗ ಇನ್ನು ಬೇಡವೆಂದು ಡಿಸ್ಕಿಗೆ ತಿಳಿಸುವ ಕಮಾಂಡ್. ಸಾಟಾ 3.1ರಲ್ಲಿ ಟ್ರಿಮ್ ಕಮಾಂಡನ್ನೂ ಕ್ಯೂನಲ್ಲಿ ಕಳುಹಿಸುವ ಅವಕಾಶ ಬಂದಿತು. ಅದನ್ನು ಬೆಂಬಲಿಸುತ್ತೇವೆಂದು ಹೇಳಿಕೊಂಡ ಕೆಲವು ಡಿಸ್ಕುಗಳು ನಿಜದಲ್ಲಿ ಸರಿಯಾಗಿ ನಿಭಾಯಿಸಲಿಲ್ಲ; ಸ್ಯಾಮ್‌ಸಂಗ್ 840 ಮತ್ತು 850 ಸರಣಿ, ಮೈಕ್ರಾನ್ ಎಂ500 ಮುಂತಾದವಕ್ಕೆ ಕರ್ನಲ್ ಕ್ಯೂನಲ್ಲಿ ಟ್ರಿಮ್ ಕಳುಹಿಸದಂತೆ ತನ್ನ ಪಟ್ಟಿಯಲ್ಲಿ ಗುರುತು ಮಾಡಿಕೊಂಡಿದೆ. ಕಡತ ಅಳಿಸಿದಾಗ ಅಥವಾ ವಾರದ ಟ್ರಿಮ್ ಓಡುವಾಗ ಮಾತ್ರ ದೋಷ ಬರುತ್ತಿದ್ದರೆ, ಇಡೀ ಕ್ಯೂಯಿಂಗ್ ನಿಲ್ಲಿಸದೆ, ಬೂಟ್ ಸಾಲಿನ (ಆರಂಭದಲ್ಲಿ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿನ) ಲಿಬ್‌ಎಟಿಎ ಫೋರ್ಸ್ ಆಯ್ಕೆಗೆ ನೋ-ಎನ್‌ಸಿಕ್ಯೂ-ಟ್ರಿಮ್ ಎಂಬ ಮೌಲ್ಯವನ್ನು ನಡುವೆ ಅಡ್ಡಗೆರೆಯಿಲ್ಲದೆ ಒಂದೇ ಪದವಾಗಿ ಕೊಟ್ಟರೆ ಸಾಕು.

ಟ್ರಿಮ್ ಬಗ್ಗೆ 2015ರ ಒಂದು ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. ಆಲ್ಗೋಲಿಯಾ ಎಂಬ ಸಂಸ್ಥೆಯ ಸರ್ವರುಗಳಲ್ಲಿ ಸ್ಯಾಮ್‌ಸಂಗ್ ಎಸ್‌ಎಸ್‌ಡಿಗಳಲ್ಲಿದ್ದ ದತ್ತಾಂಶದ ತುಣುಕುಗಳು ಸೊನ್ನೆಗಳಾಗಿ ಹೋಗುತ್ತಿದ್ದವು, ಎಲ್ಲರ ಬೆರಳೂ ಡಿಸ್ಕಿನ ಕಡೆಗೇ ತೋರಿತು. ಕೊನೆಗೆ ಸ್ಯಾಮ್‌ಸಂಗ್ ಎಂಜಿನಿಯರುಗಳು ತೋರಿಸಿಕೊಟ್ಟಂತೆ ದೋಷವಿದ್ದುದು ಲಿನಕ್ಸ್ ಕರ್ನಲ್‌ನಲ್ಲಿ, ರೇಡ್ ಗುಂಪಿನ ಟ್ರಿಮ್ ವಿನಂತಿಯನ್ನು ಡಿಸ್ಕುಗಳ ನಡುವೆ ಹಂಚುವ ಭಾಗದಲ್ಲಿ. ಕ್ಯೂನಲ್ಲಿ ಕಳುಹಿಸುವ ಟ್ರಿಮ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಸಾಕ್ಷ್ಯ ಪೂರ್ತಿಯಾಗುವ ತನಕ ಡಿಸ್ಕನ್ನಾಗಲಿ ಡ್ರೈವರನ್ನಾಗಲಿ ದೂರಬಾರದೆಂದು ನಾನು ಒತ್ತಾಯಿಸುವುದಕ್ಕೆ ಇಂಥ ಪ್ರಕರಣಗಳೇ ಕಾರಣ.

ಏಳನೆಯ ಹಂತ: ಫರ್ಮ್‌ವೇರ್, ಕರ್ನಲ್ ಮತ್ತು ಕಂಟ್ರೋಲರಿನ ಜೋಡಿ

ನಿಜವಾದ ಹೊಂದಾಣಿಕೆಯ ದೋಷ ಹಲವು ಸಲ ಡಿಸ್ಕಿನಲ್ಲಿಯೂ ಇಲ್ಲ, ಕಂಟ್ರೋಲರಿನಲ್ಲಿಯೂ ಇಲ್ಲ, ಆ ಎರಡರ ಜೋಡಿಯಲ್ಲಿ ಇರುತ್ತದೆ. ಸ್ಯಾಮ್‌ಸಂಗ್ 860 ಮತ್ತು 870 ಎಸ್‌ಎಸ್‌ಡಿಗಳು ಬೇರೆ ಕಡೆ ಚೆನ್ನಾಗಿ ನಡೆದರೂ ಎಟಿಐ ಗುರುತಿನ ಸಾಟಾ ಕಂಟ್ರೋಲರುಗಳ ಜೊತೆ ಎನ್‌ಸಿಕ್ಯೂನಲ್ಲಿ ತೊಂದರೆ ಕೊಡುತ್ತಿದ್ದವು. 2021ರಲ್ಲಿ ಕರ್ನಲ್‌ಗೆ ಆ ಜೋಡಿಗೆ ಮಾತ್ರ ಕ್ಯೂಯಿಂಗ್ ನಿಲ್ಲಿಸುವ ವಿನಾಯಿತಿಯನ್ನು ಸೇರಿಸಲಾಯಿತು. ಆದ್ದರಿಂದ ಡಿಸ್ಕನ್ನು ಬೇರೆ ಕಂಟ್ರೋಲರಿರುವ ಗಣಕಕ್ಕೆ ಜೋಡಿಸಿ ಅದೇ ಎಫ್‌ಐಒ ಪರೀಕ್ಷೆಯನ್ನು ಓಡಿಸಿ. ಹಾಗೆಯೇ, ಸಾಧ್ಯವಾದರೆ, ಬೇರೆ ಮಾದರಿಯ ಡಿಸ್ಕನ್ನು ಅದೇ ಪೋರ್ಟಿಗೆ, ಅದೇ ಕೇಬಲಿಗೆ ಜೋಡಿಸಿ ನೋಡಿ. ಈ ಎರಡೂ ಅದಲುಬದಲುಗಳಲ್ಲಿ ದೋಷ ಬರದೆ, ಮೂಲ ಜೋಡಿಯಲ್ಲಿ ಮಾತ್ರ ಬಂದರೆ ಹೊಂದಾಣಿಕೆಯ ದೋಷವೆಂದು ಧೈರ್ಯವಾಗಿ ಹೇಳಬಹುದು.

ಬಳಿಕ ತಯಾರಕರ ಪುಟದಲ್ಲಿ ಡಿಸ್ಕಿನ ಹೊಸ ಫರ್ಮ್‌ವೇರ್ ಇದೆಯೇ ನೋಡಿ, ಬೋರ್ಡಿನ ಬಯಾಸನ್ನು ಹೊಸದಾಗಿಸಿ, ಹೊಸ ಕರ್ನಲ್‌ನಲ್ಲಿ ಪರೀಕ್ಷಿಸಿ. ಫರ್ಮ್‌ವೇರ್ ಹಾಕುವಾಗ ವಿದ್ಯುತ್ ಹೋಗಬಾರದು, ದತ್ತಾಂಶದ ನಕಲು ಕೈಯಲ್ಲಿರಬೇಕು.

ಎಂಟನೆಯ ಹಂತ: ಪರಿಹಾರವನ್ನು ಕಾಯಂಗೊಳಿಸುವುದು

ಯಾವ ಹೊಸ ಆವೃತ್ತಿಯಿಂದಲೂ ಗುಣವಾಗದಿದ್ದರೆ ಕ್ಯೂಯಿಂಗ್ ನಿಲ್ಲಿಸಿಯೇ ಬಳಸಬೇಕಾಗುತ್ತದೆ. ಕಡತದಲ್ಲಿ ಬರೆದ 1 ಗಣಕ ಮರುಆರಂಭವಾದಾಗ ಉಳಿಯುವುದಿಲ್ಲ. ಬೂಟ್ ಸಾಲಿನ ಲಿಬ್‌ಎಟಿಎ ಫೋರ್ಸ್ ಆಯ್ಕೆಗೆ ನೋ-ಎನ್‌ಸಿಕ್ಯೂ ಎಂಬ ಮೌಲ್ಯವನ್ನು, ಇದನ್ನೂ ಒಂದೇ ಪದವಾಗಿ, ಬರಿದೇ ಕೊಟ್ಟರೆ ಎಲ್ಲ ಡಿಸ್ಕುಗಳಿಗೂ ನಿಲ್ಲುತ್ತದೆ. ಅದರ ಮುಂದೆ ಪೋರ್ಟ್ ಸಂಖ್ಯೆ ಮತ್ತು ಕೋಲನ್ ಹಾಕಿದರೆ ಆ ಪೋರ್ಟಿಗೆ ಮಾತ್ರ. ಯಾವಾಗಲೂ ಕಿರಿದಾದ ಪರಿಹಾರವನ್ನೇ ಆರಿಸಿಕೊಳ್ಳಿ. ಪೋರ್ಟ್ ಸಂಖ್ಯೆಗಳು ಹೊಸ ಕಾರ್ಡ್ ಹಾಕಿದಾಗ ಬದಲಾಗಬಹುದಾದ್ದರಿಂದ, ಡಿಸ್ಕಿನ ಮಾದರಿ ಅಥವಾ ಕ್ರಮಸಂಖ್ಯೆಯನ್ನು ಗುರುತಿಸಿ ಕ್ಯೂ ಡೆಪ್ತನ್ನು 1 ಮಾಡುವ ಒಂದು ಯುಡೆವ್ ನಿಯಮ (ಸಾಧನ ಕಾಣಿಸಿಕೊಂಡಾಗ ತಾನಾಗಿ ಜಾರಿಯಾಗುವ ಸೆಟ್ಟಿಂಗ್) ಬರೆದಿಡುವುದು ನನಗೆ ಹೆಚ್ಚು ಭದ್ರವೆನಿಸುತ್ತದೆ.

ಇದರಿಂದಾಗುವ ನಷ್ಟ ಕೆಲಸವನ್ನು ಅವಲಂಬಿಸಿದೆ. ದೊಡ್ಡ ಕಡತಗಳನ್ನು ಸಾಲಾಗಿ ಓದುವ ಬರೆಯುವ ಗಣಕದಲ್ಲಿ ವ್ಯತ್ಯಾಸ ತಿಳಿಯದಿರಬಹುದು. ಚಿಕ್ಕ ಚಿಕ್ಕ ಓದುಗಳು ಒಟ್ಟಿಗೆ ಬರುವ ಡೇಟಾಬೇಸ್ ಸರ್ವರಿನಲ್ಲಿ, ವಿಶೇಷವಾಗಿ ಎಸ್‌ಎಸ್‌ಡಿ ಇದ್ದರೆ, ಬಹಳ ತಿಳಿಯುತ್ತದೆ. ಕ್ಯೂಯಿಂಗ್ ನಿಲ್ಲಿಸಿದರೆ ದತ್ತಾಂಶ ಹೆಚ್ಚು ಸುರಕ್ಷಿತವೆಂಬ ನಂಬಿಕೆಯೂ ಇದೆ. ಅದು ಸರಿಯಲ್ಲ, ವಿದ್ಯುತ್ ಹೋದಾಗ ಕಳೆದುಹೋಗುವುದು ಡಿಸ್ಕಿನ ರೈಟ್ ಕ್ಯಾಶ್‌ನಲ್ಲಿ ಇದ್ದದ್ದು, ಅದರ ಸೆಟ್ಟಿಂಗ್ ಬೇರೆಯೇ.

ಯುಎಸ್‌ಬಿ, ಸ್ಕಸಿ, ವಿಂಡೋಸ್

ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕಿಗೆ ಎರಡು ಡ್ರೈವರ್‌ಗಳ ಸಾಧ್ಯತೆಯಿದೆ. ಹಳೆಯ ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಒಂದು ಸಲಕ್ಕೆ ಒಂದೇ ಕಮಾಂಡ್ ಕಳುಹಿಸುತ್ತದೆ, ಯುಎಎಸ್ ಡ್ರೈವರ್ ಕ್ಯೂ ಬಳಸುತ್ತದೆ. ಯುಎಸ್‌ಬಿ ಸಾಧನಗಳನ್ನು ಮರದ ರೂಪದಲ್ಲಿ ಪಟ್ಟಿ ಮಾಡಿದರೆ ಯಾವುದು ನಡೆಯುತ್ತಿದೆ ಎಂದು ಕಾಣುತ್ತದೆ. ಯುಎಎಸ್ ಇದ್ದು ರೀಸೆಟ್‌ಗಳು ಬರುತ್ತಿದ್ದರೆ ದೋಷ ಹೆಚ್ಚಾಗಿ ಪೆಟ್ಟಿಗೆಯ ಬ್ರಿಡ್ಜ್ ಚಿಪ್ಪಿನದು, ಅಂದರೆ ಯುಎಸ್‌ಬಿಗೂ ಸಾಟಾಕ್ಕೂ ನಡುವೆ ಸೇತುವೆಯಾಗಿರುವ ಚಿಪ್ಪಿನದು. ಯುಎಸ್‌ಬಿ ಸ್ಟೋರೇಜ್‌ನ ಕ್ವರ್ಕ್ಸ್ ಆಯ್ಕೆಗೆ ಆ ಸಾಧನದ ತಯಾರಕ ಸಂಖ್ಯೆ, ಉತ್ಪನ್ನ ಸಂಖ್ಯೆ ಮತ್ತು ಕೊನೆಗೆ ಇಂಗ್ಲಿಷಿನ ಚಿಕ್ಕ ಯು ಅಕ್ಷರವನ್ನು ಕೋಲನ್‌ಗಳಿಂದ ಬೇರ್ಪಡಿಸಿ ಕೊಟ್ಟರೆ, ಆ ಸಾಧನಕ್ಕೆ ಮಾತ್ರ ಯುಎಎಸ್ ನಿಲ್ಲುತ್ತದೆ.

ಸರ್ವರುಗಳಲ್ಲಿ ಹೆಚ್ಚಾಗಿ ಕಾಣುವ ಸ್ಕಸಿ ಮತ್ತು ಎಸ್‌ಎಎಸ್ ಡಿಸ್ಕುಗಳಲ್ಲಿ ಟ್ಯಾಗ್ ಸಹಿತ ಕ್ಯೂಯಿಂಗ್ ಸ್ಕಸಿ-2ರ ಕಾಲದಿಂದಲೂ ಇದೆ. ಅಲ್ಲಿ ಡಿಸ್ಕು ತನಗೆ ಹೆಚ್ಚಾಯಿತೆಂದು ಟಾಸ್ಕ್ ಸೆಟ್ ಫುಲ್ ಎಂಬ ಉತ್ತರವನ್ನು, ಹೆಕ್ಸ್‌ನಲ್ಲಿ 28 ಎಂಬ ಸ್ಥಿತಿಯನ್ನು, ಕೊಡುವುದು ಸಹಜ. ಅದನ್ನು ದೋಷವೆಂದು ತಿಳಿಯಬಾರದು. ಸರಿಯಾದ ಡ್ರೈವರ್ ಆಗ ಡೆಪ್ತನ್ನು ತಾನೇ ಇಳಿಸಿಕೊಳ್ಳುತ್ತದೆ. ಇಳಿಸದೆ ಮತ್ತೆ ಮತ್ತೆ ತುಂಬುತ್ತಿದ್ದರೆ ನೀವೇ ಮಿತಿ ಹಾಕಿ. ಫ್ರೀಬಿಎಸ್‌ಡಿಯಲ್ಲಿ ಈ ಕೆಲಸಕ್ಕೆ ಕ್ಯಾಮ್‌ಕಂಟ್ರೋಲ್‌ನ ಟ್ಯಾಗ್ಸ್ ಉಪಾಜ್ಞೆ ಇದೆ.

ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗಿನಲ್ಲಿ 129 ಸಂಖ್ಯೆಯ ಘಟನೆ ಕಂಟ್ರೋಲರಿನ ಮೂಲಕ ರೀಸೆಟ್ ಆದದ್ದನ್ನೂ, 153 ಓದು ಬರಹವನ್ನು ಮರುಪ್ರಯತ್ನಿಸಿದ್ದನ್ನೂ ಹೇಳುತ್ತವೆ. ತಯಾರಕರ ಡ್ರೈವರ್ ಹಾಕಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಮೈಕ್ರೋಸಾಫ್ಟ್‌ನ ಸ್ಟ್ಯಾಂಡರ್ಡ್ ಎಎಚ್‌ಸಿಐ ಡ್ರೈವರಿಗೆ ಬದಲಾಯಿಸಿ ಹೋಲಿಸಿ. ಕಂಟ್ರೋಲರ್ ರೇಡ್ ಮೋಡ್‌ನಲ್ಲಿದ್ದರೆ ಮಾತ್ರ ಇದನ್ನು ಮಾಡಬೇಡಿ. ಬಯಾಸ್‌ನಲ್ಲಿ ಐಡಿಇಯಿಂದ ಎಎಚ್‌ಸಿಐಗೆ ಹೋಗಬೇಕಾದರೆ, ಮೊದಲು ಸೇಫ್ ಮೋಡ್‌ನಲ್ಲಿ ಆರಂಭವಾಗುವಂತೆ ವಿಂಡೋಸನ್ನು ಸಿದ್ಧಪಡಿಸಿ, ಬಯಾಸ್ ಬದಲಾಯಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಬೂಟ್ ಮಾಡಿ, ಬಳಿಕ ಸಾಮಾನ್ಯ ಕ್ರಮಕ್ಕೆ ಮರಳಿ. ವಿಂಡೋಸ್ 8 ಮತ್ತು ನಂತರದ ಆವೃತ್ತಿಗಳಲ್ಲಿ ಇದು ಸಾಮಾನ್ಯವಾಗಿ ಸಾಕಾಗುತ್ತದೆ.

ಹೊಂದಾಣಿಕೆಯ ದೋಷವೆಂದು ಖಚಿತವಾದರೆ ಕರ್ನಲ್ ಅಭಿವೃದ್ಧಿಪಡಿಸುವವರಿಗೆ ವರದಿ ಮಾಡಿ. ಕರ್ನಲ್‌ನ ವಿನಾಯಿತಿ ಪಟ್ಟಿ ಬೆಳೆದಿರುವುದೇ ಇಂಥ ವರದಿಗಳಿಂದ. ಡಿಸ್ಕಿನ ಮಾದರಿ ಮತ್ತು ಫರ್ಮ್‌ವೇರ್ ಆವೃತ್ತಿ, ಕಂಟ್ರೋಲರಿನ ಪಿಸಿಐ ಸಂಖ್ಯೆ, ಕರ್ನಲ್ ಆವೃತ್ತಿ, ಮೊದಲ ದೋಷದ ಪೂರ್ಣ ಸಾಲುಗಳು, ಡೆಪ್ತ್ 1, 2 ಮತ್ತು 32ರ ಫಲಿತಾಂಶ, ಕೇಬಲ್ ಮತ್ತು ಕಂಟ್ರೋಲರ್ ಬದಲಾಯಿಸಿ ನೋಡಿದ ವಿವರ ಇಷ್ಟೂ ವರದಿಯಲ್ಲಿರಲಿ. ಪ್ರತಿ ದೊಡ್ಡ ಕರ್ನಲ್ ಬದಲಾವಣೆಯ ನಂತರ ಒಮ್ಮೆ ನಿಮ್ಮ ಯುಡೆವ್ ನಿಯಮವನ್ನು ತೆಗೆದು, ಅದೇ ಹತ್ತು ನಿಮಿಷದ ಪರೀಕ್ಷೆಯನ್ನು ಡೆಪ್ತ್ 32ರಲ್ಲಿ ಓಡಿಸಿ, ಆ ನಿಯಮ ಇನ್ನೂ ಬೇಕೇ ಎಂದು ನೋಡಿ.